ಬ್ರೌಸರ್‌ಗೆ ಕನ್ನಡ ಬಂದ ದಾರಿ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಕರ್ನೂಲು ಜಿಲ್ಲೆಯ ಪಶ್ಚಿಮ ಅಂಚಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಮಾತು ಕನ್ನಡ. ಕಚೇರಿಗೆ ಹೋದರೆ ತೆಲುಗು. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಅಲ್ಲಿವೆ. ಬಸ್ಸಿನ ಬೋರ್ಡಿನಲ್ಲಿ, ಅರ್ಜಿಯಲ್ಲಿ ಕನ್ನಡ ಕಾಣದ ಊರಿನವರಿಗೆ ಫೋನಿನ ಪರದೆಯ ಮೇಲಿನ ಕನ್ನಡ ಬೆಂಗಳೂರಿನವರಿಗಿಂತ ಹೆಚ್ಚು ಬೇಕಾದದ್ದು. ಆದರೆ ವೆಬ್ಬಿನ ಮಾನಕವೊಂದು ಕಾಗದದ ಮೇಲೆ ಸಿದ್ಧವಾದ ದಿನಕ್ಕೂ ಅದು ಇಂಥ ಊರಿನ ಓದುಗರ ಕೈಗೆ ಸಿಕ್ಕ ದಿನಕ್ಕೂ ಮಧ್ಯೆ ವರ್ಷಗಟ್ಟಲೆ ಅಂತರವಿತ್ತು.

ಕಾಗದದ ಮೇಲೆ ಕನ್ನಡ ಬೇಗನೇ ಬಂದಿತ್ತು. 1988ರ ಭಾರತೀಯ ಲಿಪಿ ಸಂಕೇತ ವ್ಯವಸ್ಥೆಯಾದ ಇಸ್ಕಿಯನ್ನು ಆಧರಿಸಿ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಮಾನಕದ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ದೊರೆಯಿತು. ತೆಲುಗು, ಕನ್ನಡ ಅಲ್ಲಿ ಅಕ್ಕಪಕ್ಕದ ಮನೆಯವರು. ತೆಲುಗಿನ 'ಕ'ದ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ 'ಕ' ಸಿಗುತ್ತದೆ.

ಬ್ರೌಸರ್‌ಗಳಲ್ಲಿ ಮಾತ್ರ ಬೇರೆಯದೇ ಆಟ ನಡೆದಿತ್ತು. 1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಪುಟದ ಜೊತೆಗೇ ಫಾಂಟ್ ಕಳಿಸುವ ತನ್ನದೇ ವಿಧಾನ ತಂದಿತು. ನೆಟ್‌ಸ್ಕೇಪ್ ಇನ್ನೊಂದನ್ನು ಹಿಡಿಯಿತು. ಕನ್ನಡದ ಹಲವು ತಾಣಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟುಗಳನ್ನು ಹೀಗೆ ಬಡಿಸಿದವು. ಫಾಂಟ್ ಇಳಿಯದಿದ್ದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹುಡುಕಿದರೆ ಏನೂ ಸಿಗದು, ನಕಲು ಮಾಡಿದರೆ ಏನೂ ಉಳಿಯದು. ವೆಬ್ ಪುಟದ ವಿನ್ಯಾಸಕ್ಕೆಂದಿರುವ 1998ರ ಸಿಎಸ್‌ಎಸ್2 ಮಾನಕದಲ್ಲಿ ಪುಟದ ಜೊತೆ ಫಾಂಟ್ ಕಳಿಸಲು ಫಾಂಟ್-ಫೇಸ್ ನಿಯಮ ಬರೆದಿದ್ದರು. ಬ್ರೌಸರ್‌ಗಳು ಅದನ್ನು ಒಂದೇ ರೀತಿ ಪಾಲಿಸಲಿಲ್ಲವೆಂದು ಸಿಎಸ್‌ಎಸ್2.1ರಲ್ಲಿ ಅದನ್ನು ಕಿತ್ತೇ ಹಾಕಲಾಯಿತು. ಬ್ರೌಸರ್ ತಯಾರಕರು ಒಪ್ಪಿ ನಡೆಸಿಕೊಡದ ಮಾನಕಕ್ಕೆ ಬೆಲೆಯಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಂಡಿಲ್ಲ.

2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಕನ್ನಡ ಫಾಂಟ್ ತಂದಿತು. ಆದರೂ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಬೇಕಿತ್ತು. ಆಗ ಅದು ಎಕ್ಸ್‌ಪಿ ಸಿಡಿ ಕೇಳುತ್ತಿತ್ತು. ಸಿಡಿ ಇಲ್ಲದ ಸೈಬರ್ ಕೆಫೆಯಲ್ಲಿ ಒತ್ತಕ್ಷರ ಕೆಳಗಿಳಿಯದೆ ಸಾಲಿನಲ್ಲೇ ನಿಂತುಬಿಡುತ್ತಿತ್ತು. ಅದೇ ವರ್ಷ ಬಂದ ಎಕ್ಸ್‌ಪ್ಲೋರರ್ 6ರ ನಂತರ ಏಳನೇ ಆವೃತ್ತಿಗೆ 2006ರವರೆಗೆ ಕಾಯಬೇಕಾಯಿತು. ಆ ಐದು ವರ್ಷಗಳ ಜಡತ್ವವೇ ಫೈರ್‌ಫಾಕ್ಸ್‌ಗೆ ದಾರಿ ಮಾಡಿಕೊಟ್ಟಿತು. 2009ರ ಫೈರ್‌ಫಾಕ್ಸ್ 3.5ರಲ್ಲಿ ಫಾಂಟ್-ಫೇಸ್ ಮರಳಿತು; ಎಲ್ಲರೂ ಒಪ್ಪಿದ ವಾಫ್ ಫಾಂಟ್ ರೂಪ 2012ರ ಡಿಸೆಂಬರ್‌ನಲ್ಲಿ ವೆಬ್ ಮಾನಕಗಳ ಸಂಸ್ಥೆಯಾದ ಡಬ್ಲ್ಯು3ಸಿಯ ಮಾನಕವಾಯಿತು.

ಅಷ್ಟರೊಳಗೆ ಹಳ್ಳಿಗಳಿಗೆ ಕಂಪ್ಯೂಟರಿಗಿಂತ ಮೊದಲು ಮೊಬೈಲ್ ಬಂದಿತ್ತು, ಅದರಲ್ಲಿ ಕನ್ನಡವೆಂದರೆ ಬರೀ ಚೌಕಗಳು. ಆಗ ಬಾಯಿಂದ ಬಾಯಿಗೆ ಹರಡಿದ ಉಪಾಯವೊಂದು ಮರೆಯುವಂಥದ್ದಲ್ಲ. ಒಪೆರಾ ಮಿನಿ ಎಂಬ ಮೊಬೈಲ್ ಬ್ರೌಸರಿನ ವಿಳಾಸ ಪಟ್ಟಿಯಲ್ಲಿ 'ಒಪೆರಾ:ಕಾನ್ಫಿಗ್' ಎಂದು ಬರೆದು, ಸಂಕೀರ್ಣ ಲಿಪಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಎಂಬ ಸಾಲಿಗೆ 'ಯೆಸ್' ಒತ್ತಿ ಸೇವ್ ಮಾಡುವುದು. ಅಲ್ಲಿಂದಾಚೆಗೆ ಒಪೆರಾದ ಸರ್ವರ್ ಕನ್ನಡವನ್ನು ಚಿತ್ರವಾಗಿ ಬಿಡಿಸಿ ಕಳಿಸುತ್ತಿತ್ತು. ಫೋನಿಗೆ ಕನ್ನಡ ಬಾರದಿದ್ದರೂ ಓದಲು ಅಡ್ಡಿಯಿಲ್ಲ. ಸುದ್ದಿಗೆ ಹಸಿದವರು ಇದನ್ನು ಗೆಳೆಯರ ಫೋನುಗಳಲ್ಲೂ ಮಾಡಿಕೊಟ್ಟರು. 2012ರ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂ ಲಿಪಿಗಳನ್ನು ಒಟ್ಟಿಗೆ ಸೇರಿಸಿಕೊಂಡ ಮೇಲೆ ಈ ಉಪಾಯದ ಅಗತ್ಯ ಕಡಿಮೆಯಾಗುತ್ತ ಬಂತು.

ಈಚಿನ ದಶಕದಲ್ಲಿ ಬ್ರೌಸರ್‌ಗಳು ತಾವಾಗಿ ಅಪ್‌ಡೇಟ್ ಆಗುತ್ತವೆ. 2022ರಿಂದ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ 'ಇಂಟರಾಪ್' ಹೆಸರಿನಲ್ಲಿ ಪ್ರತಿವರ್ಷ ಕೆಲವು ಸೌಲಭ್ಯಗಳನ್ನು ಆರಿಸಿ, ಒಂದೇ ಪರೀಕ್ಷೆಗಳನ್ನಿಟ್ಟು ಸರಿಪಡಿಸುತ್ತಿವೆ. ನಿಧಾನ ಪೂರ್ತಿ ಹೋಗಿಲ್ಲ. ಪಠ್ಯವನ್ನು ಅಕ್ಷರ, ಪದಗಳಾಗಿ ಬಿಡಿಸುವ 'ಸೆಗ್ಮೆಂಟರ್' 2020ರಲ್ಲಿ ಕ್ರೋಮ್‌ಗೆ, 2021ರಲ್ಲಿ ಸಫಾರಿಗೆ ಬಂದರೆ ಫೈರ್‌ಫಾಕ್ಸ್‌ಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ.

ಇಲ್ಲೇ ಆದೋನಿಯವರು ಗಮನಿಸಬೇಕಾದ ಒಂದು ಸಂಗತಿಯಿದೆ. ಒತ್ತಕ್ಷರವನ್ನು ಒಡೆಯದೆ ಇಡೀ ಗುಚ್ಛವನ್ನು ಒಂದೆಂದು ಎಣಿಸುವ ನಿಯಮವನ್ನು 2023ರ ಯೂನಿಕೋಡ್ 15.1 ಸೇರಿಸಿತು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂಗಳಿಗೆ, ಕನ್ನಡ ಹೊರಗುಳಿಯಿತು. 'ಲಕ್ಷ್ಮಿ' ಎಂದು ತೆಲುಗಿನಲ್ಲಿ ಬರೆದರೆ ಈ ನಿಯಮದಂತೆ ಎರಡು ಅಕ್ಷರ, ಶಾಲೆಯಲ್ಲಿ ಮಕ್ಕಳು ಎಣಿಸಿದಂತೆಯೇ. ಕನ್ನಡದಲ್ಲಿ ಬರೆದರೆ ಲ, ಕ್, ಷ್, ಮಿ ಎಂದು ನಾಲ್ಕು ತುಂಡು. ಪದಬಂಧದ ಮನೆಗಳನ್ನು ತುಂಬುವ ಅಥವಾ ಅಕ್ಷರ ಜೋಡಿಸಲು ಕಲಿಸುವ ವೆಬ್ ಪುಟ ಒಂದೇ ಊರಿನ ಎರಡು ಮಾಧ್ಯಮದ ಮಕ್ಕಳಿಗೆ ಎರಡು ಉತ್ತರ ಕೊಡಬಲ್ಲದು. ಇದನ್ನು ತಿದ್ದಲೇಬೇಕು. ಯೂನಿಕೋಡ್ ಒಕ್ಕೂಟಕ್ಕೆ ಯಾರು ಬೇಕಾದರೂ ಉದಾಹರಣೆಗಳ ಸಮೇತ ಪ್ರಸ್ತಾವ ಕಳಿಸಬಹುದು. ಅದು ಅಂಗೀಕಾರವಾದ ಮೇಲೆ ಬ್ರೌಸರ್‌ಗಳು ನೆಚ್ಚಿರುವ ಐಸಿಯು ತಂತ್ರಾಂಶಕ್ಕೆ ಸೇರಿ, ಅಲ್ಲಿಂದ ಒಂದೊಂದೇ ಬ್ರೌಸರಿನ ಮುಂದಿನ ಆವೃತ್ತಿಯಲ್ಲಿ ಫೋನುಗಳಿಗೆ ಇಳಿಯುತ್ತದೆ.