ಗಾಳಿಗೊಂದು ದಾರಿ: ವ್ಯಾಕ್ಯೂಮ್ ಕ್ಲೀನರ್ ನಡೆದು ಬಂದ ಹಾದಿ

ನವರಾತ್ರಿ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಕೆಲಸ ಶುರುವಾಗುತ್ತವೆ. ಒಂದು, ಜೇಡರ ಬಲೆ ತೆಗೆದು ಮೂಲೆ ಮೂಲೆ ಗುಡಿಸುವುದು. ಇನ್ನೊಂದು, ಅದಕ್ಕಾಗಿ ಅಟ್ಟದ ಮೇಲಿನ ವ್ಯಾಕ್ಯೂಮ್ ಕ್ಲೀನರ್ ಇಳಿಸಿ, ಸ್ವಿಚ್ ಹಾಕಿ, "ಅಯ್ಯೋ, ಇದು ಎಳೀತಾನೇ ಇಲ್ಲ" ಎಂದು ಮತ್ತೆ ಅಟ್ಟಕ್ಕೇರಿಸುವುದು! ಹಾಗೆ ಅಟ್ಟ ಸೇರಿ, ಕೊನೆಗೆ ಗುಜರಿಗೆ ಹೋಗುವ ಎಷ್ಟೋ ಯಂತ್ರಗಳಿಗೆ ದೊಡ್ಡ ರೋಗವೇನೂ ಇರುವುದಿಲ್ಲ. ಉಸಿರು ಕಟ್ಟಿರುತ್ತದೆ, ಅಷ್ಟೇ. ಈ ತೊಂದರೆ ಇಂದು ನಿನ್ನೆಯದಲ್ಲ, ಯಂತ್ರದ ಜೊತೆಗೇ ಹುಟ್ಟಿದ್ದು. ಅದರ ಚರಿತ್ರೆ ತಿಳಿದರೆ ರಿಪೇರಿಯೂ ಅರ್ಧ ತಿಳಿದಂತೆ.

ಪೊರಕೆಗೊಂದು ಬದಲಿ ಹುಡುಕಿದವರಲ್ಲಿ ಅಮೆರಿಕದ ಮೆಲ್ವಿಲ್ ಮತ್ತು ಆನಾ ಬಿಸೆಲ್ ದಂಪತಿ ಪ್ರಮುಖರು. ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಅವರದ್ದು ಪಿಂಗಾಣಿ ಸಾಮಾನಿನ ಅಂಗಡಿ. ಪಿಂಗಾಣಿ ಒಡೆಯದಂತೆ ತುಂಬಿ ಬರುತ್ತಿದ್ದ ಮರದ ಹೊಟ್ಟು ಅಂಗಡಿಯ ಜಮಖಾನಕ್ಕೆ ಹಿಡಿದು ಬಿಡುತ್ತಲೇ ಇರಲಿಲ್ಲ. ಅದಕ್ಕಾಗಿ ಮೆಲ್ವಿಲ್, ತಳ್ಳಿದರೆ ಒಳಗಿನ ಬ್ರಷ್ ಉರುಳಿ ಕಸ ಎತ್ತಿಕೊಳ್ಳುವ ಪೆಟ್ಟಿಗೆಯೊಂದನ್ನು ಮಾಡಿ 1876ರಲ್ಲಿ ಪೇಟೆಂಟ್ ಪಡೆದರು. 1889ರಲ್ಲಿ ಅವರು ತೀರಿಕೊಂಡ ಮೇಲೆ ಕಂಪನಿಯನ್ನು ಕೈಗೆತ್ತಿಕೊಂಡು ಬೆಳೆಸಿದವರು ಆನಾ. ಅಮೆರಿಕದಲ್ಲಿ ದೊಡ್ಡ ಉದ್ಯಮ ನಡೆಸಿದ ಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. ಆದರೆ ಆ ಪೆಟ್ಟಿಗೆ ಕಸ ಎತ್ತುತ್ತಿತ್ತೇ ಹೊರತು ಧೂಳನ್ನು ಎಳೆದುಕೊಳ್ಳುತ್ತಿರಲಿಲ್ಲ.

ಎಳೆಯುವ ಯೋಚನೆಗೆ ರೂಪ ಕೊಟ್ಟವರು ಬ್ರಿಟಿಷ್ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್. ಲಂಡನ್ನಿನಲ್ಲಿ ಅವರು ಒಂದು ಹೊಸ ಯಂತ್ರದ ಪ್ರದರ್ಶನ ನೋಡಿದರು. ಅದು ಧೂಳಿಗೆ ಗಾಳಿ ಊದುತ್ತಿತ್ತು. ಧೂಳು ಎದ್ದು, ಸ್ವಲ್ಪ ಹೊತ್ತು ಸುತ್ತಾಡಿ, ಮತ್ತೆ ಬಂದು ಕೂರುತ್ತಿತ್ತು. ಊದುವ ಬದಲು ಎಳೆದರೆ ಹೇಗೆ ಎಂದು ಬೂತ್ ಯೋಚಿಸಿದರು. ಬಟ್ಟೆಯ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿಟ್ಟು ಜೋರಾಗಿ ಉಸಿರೆಳೆದು ನೋಡಿದರಂತೆ. ಕರವಸ್ತ್ರದ ಕೆಳಮಗ್ಗುಲಲ್ಲಿ ಕಪ್ಪು ಧೂಳು ಅಂಟಿಕೊಂಡಿತ್ತು! ಇಡೀ ಯಂತ್ರದ ಗುಟ್ಟು ಆ ಕರವಸ್ತ್ರದಲ್ಲಿತ್ತು. ಗಾಳಿ ದಾಟಿ ಹೋಗಬೇಕು, ಧೂಳು ದಾಟಬಾರದು. ಯಂತ್ರದ ಮುಂದಿನ ತೊಂದರೆಗಳೆಲ್ಲ ಹುಟ್ಟಿದ್ದೂ ಅದೇ ಕರವಸ್ತ್ರದಲ್ಲಿ.

1901ರಲ್ಲಿ ಬೂತ್ ತಯಾರಿಸಿದ ಯಂತ್ರ ಕುದುರೆಗಳು ಎಳೆಯುವ ಗಾಡಿಯಷ್ಟು ದೊಡ್ಡದು. ಪೆಟ್ರೋಲ್ ಎಂಜಿನ್ನಿನ ಆ ಗಾಡಿ ರಸ್ತೆಯಲ್ಲೇ ನಿಲ್ಲುತ್ತಿತ್ತು, ಉದ್ದನೆಯ ಕೊಳವೆಗಳು ಕಿಟಕಿಯಿಂದ ಮನೆಯೊಳಗೆ ಹೋಗುತ್ತಿದ್ದವು. ಶ್ರೀಮಂತ ಮನೆಯ ಹೆಂಗಸರು ಇದನ್ನು ನೋಡಲೆಂದೇ ಗೆಳತಿಯರನ್ನು ಚಹಾಕ್ಕೆ ಕರೆಯುತ್ತಿದ್ದರಂತೆ. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಜಮಖಾನಗಳನ್ನು ಸ್ವಚ್ಛ ಮಾಡಿದ್ದೂ ಇದೇ ಯಂತ್ರ.

ಗಾಡಿಯನ್ನು ಮನೆಯೊಳಗೆ ತಂದವನು ಒಬ್ಬ ಜಾಡಮಾಲಿ. ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಗುಡಿಸುವ ಕೆಲಸದಲ್ಲಿದ್ದ ಜೇಮ್ಸ್ ಮರೆ ಸ್ಪ್ಯಾಂಗ್ಲರ್‌ಗೆ ಉಬ್ಬಸ. ಪೊರಕೆ ಹಿಡಿದರೆ ಉಸಿರಾಡುವುದು ಕಷ್ಟ. 1907ರಲ್ಲಿ ಆತ ಫ್ಯಾನಿನ ಮೋಟರ್, ಪೊರಕೆಯ ಹಿಡಿ ಮತ್ತು ಒಂದು ತಲೆದಿಂಬಿನ ಚೀಲ ಸೇರಿಸಿ ತನ್ನದೇ ಯಂತ್ರ ಮಾಡಿಕೊಂಡ. ಮರುವರ್ಷ ಪೇಟೆಂಟ್ ಸಿಕ್ಕಿತು. ಅದನ್ನು ಮನೆಯಲ್ಲಿ ಬಳಸಿ ಮೆಚ್ಚಿದವರು ಸೂಸನ್ ಹೂವರ್. ಅವರ ಪತಿ ವಿಲಿಯಂ ಹೂವರ್ ಚರ್ಮದ ಸಾಮಾನಿನ ವ್ಯಾಪಾರಿ. ಹೆಂಡತಿಯ ಮಾತು ಕೇಳಿ ಆ ಪೇಟೆಂಟನ್ನು ಕೊಂಡರು. ಮುಂದೆ ಬ್ರಿಟನ್ನಿನಲ್ಲಿ ಮನೆಯ ಧೂಳು ತೆಗೆಯುವ ಕೆಲಸಕ್ಕೇ ಅವರ ಹೆಸರು ನಿಂತಿತು.

ಬೂತ್‌ರ ಕರವಸ್ತ್ರವಾಗಲಿ, ಸ್ಪ್ಯಾಂಗ್ಲರ್‌ನ ದಿಂಬಿನ ಚೀಲವಾಗಲಿ, ಎರಡೂ ಬಟ್ಟೆಯೇ. ಬಟ್ಟೆಯ ಕಣ್ಣುಗಳಲ್ಲಿ ನುಣ್ಣನೆಯ ಧೂಳು ಕೂತಂತೆ ಗಾಳಿಯ ದಾರಿ ಮುಚ್ಚುತ್ತದೆ. ನಾವು ಹಿಟ್ಟು ಜರಡಿ ಹಿಡಿಯುವಾಗ ಜರಡಿಯ ಕಣ್ಣು ಕಟ್ಟಿಕೊಳ್ಳುವುದಿಲ್ಲವೇ, ಹಾಗೆಯೇ. ಚೀಲ ಅರ್ಧ ಖಾಲಿ ಇದ್ದರೂ ಯಂತ್ರ ಎಳೆಯದಿರಲು ಇದೇ ಕಾರಣ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಜೇಮ್ಸ್ ಡೈಸನ್ ತಮ್ಮ ಮನೆಯ ಯಂತ್ರದಲ್ಲಿ ಕಂಡದ್ದೂ ಇದನ್ನೇ. ಮರದ ಮಿಲ್ಲಿನಲ್ಲಿ ಗಾಳಿಯನ್ನು ಸುಳಿಯಂತೆ ತಿರುಗಿಸಿ ಹೊಟ್ಟು ಬೇರ್ಪಡಿಸುವುದನ್ನು ನೋಡಿ, ಚೀಲವೇ ಇಲ್ಲದ ಯಂತ್ರಕ್ಕಾಗಿ 5,127 ಮಾದರಿಗಳನ್ನು ಮಾಡಿದರು. ಆ ವರ್ಷಗಳಲ್ಲಿ ಸಂಸಾರಕ್ಕೆ ಆಸರೆಯಾದದ್ದು ಚಿತ್ರಕಲಾ ಶಿಕ್ಷಕಿಯಾಗಿದ್ದ ಪತ್ನಿ ಡಿಯರ್ಡ್ರೆಯ ಸಂಬಳ. ಬ್ರಿಟನ್ನಿನಲ್ಲಿ ಅವರ ಹೆಸರಿನ ಯಂತ್ರ ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ಆದರೂ ಚೀಲ ಹೋಯಿತೇ ಹೊರತು ಫಿಲ್ಟರ್ ಹೋಗಲಿಲ್ಲ. ಅದನ್ನು ತೊಳೆಯುವ ಕೆಲಸ ಉಳಿಯಿತು.

ನಮ್ಮ ದೇಶದಲ್ಲಿ ಈ ಯಂತ್ರವನ್ನು ಮಧ್ಯಮ ವರ್ಗದ ಮನೆಬಾಗಿಲಿಗೆ ತಂದದ್ದು 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್. ಟೈ ಕಟ್ಟಿದ ಹುಡುಗರು ಬಾಗಿಲು ತಟ್ಟಿ, ನಮ್ಮದೇ ಹಾಸಿಗೆಯಿಂದ ಧೂಳು ತೆಗೆದು ತೋರಿಸುತ್ತಿದ್ದದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಹೊರಬಂದ ಧೂಳು ನೋಡಿ ನಾವು ನಾಚಿದೆವು, ಯಂತ್ರ ಕೊಂಡೆವು. ಆದರೆ ಧೂಳು ತಡೆದ ಆ ಬಟ್ಟೆಯ ಕಡೆಗೆ ನಮ್ಮ ಗಮನ ಹೋಗಲಿಲ್ಲ.

ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಬರೆದ 'ಮೋರ್ ವರ್ಕ್ ಫಾರ್ ಮದರ್' ಪುಸ್ತಕದಲ್ಲಿ ಒಂದು ಕಹಿ ಸತ್ಯವಿದೆ. ಯಂತ್ರಗಳು ಮನೆಗೆಲಸದ ಶ್ರಮ ಇಳಿಸಿದವು ನಿಜ. ಆದರೆ ಮೊದಲು ಗಂಡಸರು, ಮಕ್ಕಳು, ಆಳುಗಳು ಹಂಚಿಕೊಳ್ಳುತ್ತಿದ್ದ ಕೆಲಸವೂ ಗೃಹಿಣಿಯೊಬ್ಬಳ ಪಾಲಿಗೇ ಬಂತು, ಸ್ವಚ್ಛತೆಯ ನಿರೀಕ್ಷೆಯೂ ಏರಿತು. ನಮ್ಮ ಮನೆಗಳಲ್ಲಿ ಇನ್ನೊಂದು ವಿಚಿತ್ರ ಸೇರಿಕೊಂಡಿದೆ. ಯಂತ್ರ ನಡೆಸುವವಳು ಹೆಂಗಸು, ಅದನ್ನು ಬಿಚ್ಚುವ ಅಧಿಕಾರ ಮಾತ್ರ ಗಂಡಸರದ್ದು ಅಥವಾ ಮೆಕ್ಯಾನಿಕ್‌ನದ್ದು! ಅವರಿಗೆ ಪುರುಸೊತ್ತಾಗುವವರೆಗೆ ಯಂತ್ರ ಅಟ್ಟದಲ್ಲಿ, ಪೊರಕೆ ನಮ್ಮ ಕೈಯಲ್ಲಿ.

ಆದ್ದರಿಂದ ಸಖಿಯರೇ, ಈ ಸಲ ನಾವೇ ಬಿಚ್ಚಿ ನೋಡೋಣ. ಮೊದಲು ಪ್ಲಗ್ ತೆಗೆಯಿರಿ. ಚೀಲ ಖಾಲಿ ಮಾಡಿ, ಬಟ್ಟೆಯದಾದರೆ ಚೆನ್ನಾಗಿ ಕೊಡವಿ. ಫಿಲ್ಟರನ್ನು ಮೆತ್ತನೆ ಬ್ರಷ್‌ನಿಂದ ಉಜ್ಜಿ. ತೊಳೆಯಬಹುದಾದ ಫಿಲ್ಟರ್ ಆದರೆ ತೊಳೆದು, ಕನಿಷ್ಠ ಒಂದು ದಿನ ಒಣಗಿಸಿಯೇ ಹಾಕಿ. ಒದ್ದೆ ಫಿಲ್ಟರಿಗೆ ಧೂಳು ಸೇರಿದರೆ ಕೆಸರು. ಆಮೇಲೆ ಕೊಳವೆ ಕಳಚಿ, ಯಂತ್ರದ ಬಾಯಿಗೆ ಅಂಗೈ ಹಿಡಿದು ಸ್ವಿಚ್ ಹಾಕಿ. ಅಲ್ಲಿ ಸೆಳೆತ ಜೋರಾಗಿದ್ದರೆ ಅಡ್ಡಿ ಇರುವುದು ಕೊಳವೆಯಲ್ಲಿ. ಕಾಲುಚೀಲವೋ, ಕೂದಲುಂಡೆಯೋ ಸಿಕ್ಕಿರುತ್ತದೆ. ಗಾಳಿ ಊದುವ ಬಾಯಿ ಇರುವ ಯಂತ್ರವಾದರೆ ಕೊಳವೆಯನ್ನು ಅಲ್ಲಿಗೆ ಸಿಕ್ಕಿಸಿ, ಬಾಲ್ಕನಿಯಲ್ಲಿ ಊದಿಸಿದರೆ ಹೊರಬರಬಹುದು.

ಮೋಟರಿನ ಸದ್ದು ಇದ್ದಕ್ಕಿದ್ದಂತೆ ಕೀಚಲಾದರೆ ಅದು ಹೆಚ್ಚು ದುಡಿಯುತ್ತಿದೆ ಎಂದಲ್ಲ. ಗಾಳಿ ಸಿಗದೆ ಸುಮ್ಮನೆ ವೇಗವಾಗಿ ತಿರುಗುತ್ತಿದೆ ಎಂದರ್ಥ. ಅನೇಕ ಯಂತ್ರಗಳಲ್ಲಿ ಮೋಟರನ್ನು ತಂಪಾಗಿಡುವುದೂ ಅದೇ ಗಾಳಿ. ದಾರಿ ಮುಚ್ಚಿದರೆ ಅದು ಕಾದು, ರಕ್ಷಣೆಯ ಸ್ವಿಚ್ ಇದ್ದರೆ ತಾನಾಗಿ ನಿಲ್ಲುತ್ತದೆ. ಅಡ್ಡಿ ತೆಗೆದು, ಆರಲು ಬಿಟ್ಟು, ಮತ್ತೆ ಹಾಕಿ ನೋಡಿ. ಸುಟ್ಟ ವಾಸನೆ, ದೊಡ್ಡ ಕಿಡಿ ಕಂಡರೆ ಮಾತ್ರ ಮೆಕ್ಯಾನಿಕ್ ಬೇಕು. ಆಗಲೂ "ಕಾರ್ಬನ್ ಬ್ರಷ್ ಸವೆದಿದೆಯಾ ನೋಡಿ" ಎಂದು ಕೇಳಿ. ಮೋಟರಿಗೆ ವಿದ್ಯುತ್ ಮುಟ್ಟಿಸುವ ಆ ಚಿಕ್ಕ ತುಂಡುಗಳನ್ನು ಬದಲಿಸಿದರೆ ಸಾಕಾಗಬಹುದು, ಹೊಸ ಮೋಟರ್ ಬೇಕಾಗಲಿಕ್ಕಿಲ್ಲ. ರಂಗೋಲಿ ಪುಡಿ, ಗೋಡೆಯ ಪುಟ್ಟಿ, ಸಿಮೆಂಟ್ ಧೂಳು, ಬಿಸಿ ಬೂದಿ ಇವನ್ನು ಎಳೆಸಬೇಡಿ. ಒಣ ಧೂಳಿನ ಯಂತ್ರಕ್ಕೆ ನೀರಂತೂ ಬೇಡವೇ ಬೇಡ.

ಆಯುಧಪೂಜೆಯ ದಿನ ನಾವು ಮಿಕ್ಸಿಗೂ ಸ್ಕೂಟರಿಗೂ ಕುಂಕುಮ ಹಚ್ಚುತ್ತೇವೆ. ಈ ವರ್ಷ ವ್ಯಾಕ್ಯೂಮ್ ಕ್ಲೀನರನ್ನೂ ಆ ಸಾಲಿನಲ್ಲಿ ಇಡಿ. ಹೂವು ಏರಿಸುವ ಮೊದಲು ಚೀಲ ಕೊಡವಲು ಮರೆಯಬೇಡಿ. ಪಕ್ಕದಲ್ಲಿ ಮಗಳನ್ನೂ ಮಗನನ್ನೂ ಕೂರಿಸಿಕೊಂಡು ಕೊಡವಿದರೆ ಇನ್ನೂ ಒಳ್ಳೆಯದು.