ಬೇಲಿಗೆ ನಿಲ್ಲದ ಟೋಗೋ

ಪಕ್ಕದ ಮನೆಯವರು ಈಚೆಗೆ ದತ್ತು ತಂದ ಹಸ್ಕಿ ದಿನಾ ಕಾಂಪೌಂಡ್ ಹಾರುತ್ತೆ. ಗೋಡೆ ಎತ್ತರಿಸುತ್ತಾರಂತೆ. ನನಗೆ ಅಲಾಸ್ಕಾದ ಟೋಗೋ ನೆನಪಾದ.

1913ರಲ್ಲಿ ಹುಟ್ಟಿದ ಈ ತುಂಟ ಹಸ್ಕಿಯನ್ನು, ಹಿಮಬಂಡಿ ಓಡಿಸುತ್ತಿದ್ದ ಸೆಪ್ಪಾಲಾ ಮರಿಯಲ್ಲೇ ಬೇರೆಯವರಿಗೆ ಕೊಟ್ಟುಬಿಟ್ಟಿದ್ದ. ಅವನೋ, ಕಿಟಕಿ ಗಾಜು ಒಡೆದು ಮೈಲಿಗಟ್ಟಲೆ ಓಡಿ ವಾಪಸ್ ಬಂದ! ಮುಂದೆ ತಂತಿಬೇಲಿ ಹಾರಲು ಹೋಗಿ ಗಾಯ ಮಾಡಿಕೊಂಡರೂ ಬಂಡಿಯ ಹಿಂದೆ ಓಡುವುದು ಬಿಡಲಿಲ್ಲ. ಕಡೆಗೆ ಸೋತ ಸೆಪ್ಪಾಲಾ ಎಂಟು ತಿಂಗಳ ಮರಿಯನ್ನು ಬಂಡಿಗೇ ಕಟ್ಟಿದ. ಮೊದಲ ದಿನವೇ 75 ಮೈಲಿ!

1925ರಲ್ಲಿ ನೋಮ್ ಊರಿಗೆ ಡಿಫ್ತೀರಿಯಾ ಬಂತು. ಔಷಧಿ ತರುವ ಓಟದಲ್ಲಿ ಮುಂದಾಳಾಗಿ, ಹೋಗಿಬರುತ್ತಾ ಸುಮಾರು 260 ಮೈಲಿ ಓಡಿದ್ದು ಇದೇ ಮುದಿ ಟೋಗೋ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಂತದ್ದು ಮಾತ್ರ ಕೊನೆಯ ಹಂತದ ಬಾಲ್ಟೋಗೆ.

ಗೋಡೆ ಎತ್ತರಿಸಿ, ಬೇಡ ಅನ್ನಲ್ಲ. ಜೊತೆಗೆ ಬೆಳಗಿನ ತಂಪಿನಲ್ಲಿ ಅದರೊಂದಿಗೆ ನೀವೂ ಓಡಿ.