ಗ್ರಾನೈಟ್ ಹೇಳುವ ಪರ್ವತಗಳ ಪೂರ್ವಚರಿತ್ರೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ಬಹುಭಾಗ ಶಿವಮೊಗ್ಗ ಶಿಸ್ಟ್ (ಪದರುಶಿಲೆ) ಪಟ್ಟಿಯ ಮೇಲಿದೆ. ಜಗಳೂರು ಪೂರ್ವದ ಚಿತ್ರದುರ್ಗ ಪಟ್ಟಿಗೆ ಹತ್ತಿಕೊಂಡಿದೆ. ಎರಡೂ ಧಾರವಾಡ ಕ್ರೇಟಾನ್ ಎಂಬ ಅತಿ ಪ್ರಾಚೀನ ಭೂಭಾಗಕ್ಕೆ ಸೇರಿದವು. ಮೇಲಿನ ಶಿಲೆಗಳು ಕೋಟ್ಯಂತರ ವರ್ಷ ಸವೆದುಹೋಗಿ, ಆಳದಲ್ಲಿ ಹೆಪ್ಪುಗಟ್ಟಿದ್ದ ಗ್ರಾನೈಟ್ ಇಂದು ನೆಲದ ಮೇಲೆ ಕಾಣುತ್ತದೆ.

ನ್ಯಾಮತಿ ಬಳಿಯ ಕುದುರೆಕೊಂಡದಂಥ ಚಿನ್ನದ ನೆಲೆಗಳಿಂದಾಗಿ ಈ ಶಿಸ್ಟ್ ಶಿಲೆಗಳು 19ನೇ ಶತಮಾನದಲ್ಲೇ ಗಮನ ಸೆಳೆದವು. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವುಗಳಿಗೆ ‘ಧಾರವಾಡ’ ಎಂದು ಹೆಸರಿಟ್ಟರು. ನೈಸ್ ಎಂಬ ಹಳೆಯ ಪಟ್ಟೆಶಿಲೆಯ ಮೇಲೆ ಇವು ಕೂತಿವೆ ಎಂಬುದು ಅವರ ನಿಲುವು. 1894ರಲ್ಲಿ ಸ್ಥಾಪನೆಯಾದ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಇದಕ್ಕೆ ವಿರುದ್ಧವಾಗಿ, ಶಿಸ್ಟ್ ಮೊದಲಿನದು, ನೈಸ್ ಆಮೇಲೆ ಅದರೊಳಗೆ ನುಗ್ಗಿದ್ದು ಎಂದರು. ಹೊನ್ನಾಳಿಯಲ್ಲಿ ಶಿಸ್ಟ್ ನಡುವೆ ಗುಮ್ಮಟದಂತೆ ಉಬ್ಬಿರುವ ನೈಸ್ ಇಂಥ ವಾದಕ್ಕೆ ಎಡೆಕೊಡುವ ಶಿಲೆಯೇ.

ವಾದವನ್ನು ಬಗೆಹರಿಸಿದ್ದು ಐಸೊಟೋಪ್ ಅಳತೆ. ರುಬಿಡಿಯಂ-87 ಕ್ಷಯಿಸಿ ಸ್ಟ್ರಾನ್ಷಿಯಂ-87 ಆಗುತ್ತದೆ, ಯುರೇನಿಯಂ-238 ಸೀಸ-206 ಆಗುತ್ತದೆ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಈ ನಿಶ್ಚಿತ ವೇಗವೇ ಶಿಲೆಯ ವಯಸ್ಸು ಹೇಳುವ ಗಡಿಯಾರ. ಹಾಸನ ಸೀಮೆಯ ನೈಸ್ 336 ಕೋಟಿ ವರ್ಷ ಹಳೆಯದೆಂದು 1980ರಲ್ಲಿ ಪ್ರಕಟವಾಯಿತು. ಚನ್ನಗಿರಿ ತಾಲ್ಲೂಕಿನ ದಾಗಿನಕಟ್ಟೆಯ ಹೆಸರು ಹೊತ್ತ ಶಿಲಾಸ್ತರದ ಜ್ವಾಲಾಮುಖಿ ಶಿಲೆಯಲ್ಲಿನ ಜಿರ್ಕಾನ್ ಹರಳುಗಳು 1997ರಲ್ಲಿ 261.4 ಕೋಟಿ ವರ್ಷದ ವಯಸ್ಸು ಕೊಟ್ಟವು. ಧಾರವಾಡ ಶಿಲೆಗಳ ವಿಷಯದಲ್ಲಿ ಫೂಟ್ ಹೇಳಿದ ಕ್ರಮವೇ ಸರಿಯಾಯಿತು.

ಐಸೊಟೋಪಿನಿಂದ ಗ್ರಾನೈಟಿನ ಮೂಲವೂ ತಿಳಿಯುತ್ತದೆ. ರುಬಿಡಿಯಂ ಭೂಚಿಪ್ಪಿನಲ್ಲಿ ಹೆಚ್ಚು, ಅದರಡಿಯ ಮ್ಯಾಂಟಲ್‌ನಲ್ಲಿ ಕಡಿಮೆ. ಆದ್ದರಿಂದ ಹಳೆಯ ಭೂಚಿಪ್ಪು ಕರಗಿ ಹುಟ್ಟಿದ ಗ್ರಾನೈಟಿನಲ್ಲಿ ಸ್ಟ್ರಾನ್ಷಿಯಂ-87ರ ಪ್ರಮಾಣ ಏರಿರುತ್ತದೆ. ಎರಡು ಖಂಡಗಳು ಡಿಕ್ಕಿ ಹೊಡೆದ ಹಿಮಾಲಯದ ಮನಾಸ್ಲು ಗ್ರಾನೈಟಿನಲ್ಲಿ ಸ್ಟ್ರಾನ್ಷಿಯಂ-86ಕ್ಕೆ ಹೋಲಿಸಿದ ಈ ಅನುಪಾತ 0.740ನ್ನು ಮೀರುತ್ತದೆ. ಸಾಗರತಳ ಖಂಡದ ಅಡಿಗೆ ಸರಿದ ಆಂಡಿಸ್‌ನಲ್ಲಿ, ಪೆರುವಿನ ಕರಾವಳಿ ಗ್ರಾನೈಟುಗಳಲ್ಲಿ ಅದು 0.704ರ ಆಸುಪಾಸಿನಲ್ಲಿದೆ, ಅಲ್ಲಿ ಮ್ಯಾಂಟಲ್‌ನ ಪಾಲು ದೊಡ್ಡದು.

ಧಾರವಾಡ ಕ್ರೇಟಾನಿಗೂ ಇದೇ ಪರೀಕ್ಷೆ ನಡೆದಿದೆ. ಎಂ. ಜಯಾನಂದ ಮತ್ತು ಸಹಸಂಶೋಧಕರು 2006ರಲ್ಲಿ ಚಿತ್ರದುರ್ಗ, ಅರಸೀಕೆರೆ ಕಡೆಯ ಗ್ರಾನೈಟುಗಳಿಗೆ 261 ಕೋಟಿ ವರ್ಷ ವಯಸ್ಸೆಂದೂ ಅವು ಹಳೆಯ ಭೂಚಿಪ್ಪಿನ ಮರುಕರಗುವಿಕೆಯಿಂದ ಬಂದವೆಂದೂ ತೋರಿಸಿದರು. ಅಂದರೆ ದಾಗಿನಕಟ್ಟೆಯ ಜ್ವಾಲಾಮುಖಿಯೂ ಚಿತ್ರದುರ್ಗದ ಗ್ರಾನೈಟೂ ಹೆಚ್ಚುಕಡಿಮೆ ಸಮಕಾಲೀನ. ಜಗಳೂರಿನಿಂದ ಪೂರ್ವಕ್ಕೆ, ರಾಮನಗರದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಚಾಚಿರುವ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 252 ಕೋಟಿ ವರ್ಷ. ಅದರಲ್ಲಿ ಮ್ಯಾಂಟಲ್‌ನಿಂದ ಬಂದ ಶಿಲಾರಸವೂ ಹಳೆಯ ಭೂಚಿಪ್ಪೂ ಬೆರೆತಿವೆ.

ಈ ಶಿಲೆಗಳನ್ನು ಕರಗಿಸಿದ ಶಾಖಕ್ಕೆ ಆಳದಿಂದೆದ್ದ ಬಿಸಿ ಮ್ಯಾಂಟಲ್ ಕಾರಣವೋ, ಆಂಡಿಸ್‌ನಂತೆ ಸಾಗರತಳದ ಇಳಿತ ಕಾರಣವೋ ಎಂಬ ಚರ್ಚೆ ಮುಗಿದಿಲ್ಲ. ಯಾವುದು ಕರಗಿತು, ಯಾವಾಗ ಕರಗಿತು ಎಂಬುದಕ್ಕೆ ಐಸೊಟೋಪ್ ಸಾಕ್ಷಿ. ಯಾವ ಬಲದಿಂದ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಫೂಟ್ ಕಾಲದಂತೆ ಇಂದಿಗೂ ಬೆಟ್ಟ ಹತ್ತಿ ಶಿಲೆಗಳ ಸಂಬಂಧವನ್ನು ನಕ್ಷೆಗಿಳಿಸಲೇಬೇಕು.